ಹೊಗೆಯ ಪಾಠಕ್ಕೆ ಹಣ ಕಟ್ಟುವ ಮುನ್ನ: ಸ್ಪರ್ಧೆಯ ಬಾರ್ಬೆಕ್ಯೂ ತರಗತಿ ಆರಿಸಿಕೊಳ್ಳುವ ಬಗೆ

ಅಮೆರಿಕದ ಕ್ಯಾನ್ಸಸ್ ಸಿಟಿಯ ಸುತ್ತಮುತ್ತ ಮನೆ ಮಾಡಿದವರಿಗೆ ಒಂದಲ್ಲ ಒಂದು ಬೇಸಿಗೆಯಲ್ಲಿ ಈ ಹುಚ್ಚು ಅಂಟುತ್ತದೆ. ಪಕ್ಕದ ಮನೆಯವನು ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಿತ್ತಲಲ್ಲಿ ಹಿಕರಿ ಸೌದೆಗೆ ಬೆಂಕಿ ಹಚ್ಚುತ್ತಾನೆ. ಮಧ್ಯಾಹ್ನ ಬೇಲಿಯ ಮೇಲಿಂದ ಒಂದು ತಟ್ಟೆ ಬರುತ್ತದೆ. ಮರುವರ್ಷ ನೀವೂ ಒಂದು ಸ್ಮೋಕರ್, ಅಂದರೆ ಹೊಗೆಯಲ್ಲಿ ಮಾಂಸ ಬೇಯಿಸುವ ಒಲೆ, ಕೊಳ್ಳುತ್ತೀರಿ. ಅದರ ಮರುವರ್ಷ, ಊಟಕ್ಕೆ ಬಂದ ಯಾರೋ ಬೆರಳು ಚೀಪುತ್ತಾ "ಇಷ್ಟು ಚೆನ್ನಾಗಿ ಮಾಡುತ್ತೀರಿ, ಸ್ಪರ್ಧೆಗೆ ಯಾಕೆ ಹೋಗಬಾರದು?" ಎನ್ನುತ್ತಾರೆ. ಕೈಯಿಂದ ಹಣ ಸೋರಲು ಶುರುವಾಗುವುದು ಅಲ್ಲಿಂದ.

ನಾನು ಇದುವರೆಗೆ ಎರಡು ತರಗತಿಗಳಿಗೆ ಹೋಗಿದ್ದೇನೆ. ಮೊದಲನೆಯದರಲ್ಲಿ ನಲವತ್ತು ಕುರ್ಚಿ ಹಾಕಿದ್ದರು. ಗುರುಗಳು ಎದುರಿನ ಮೇಜಿನ ಮೇಲೆ ಮಾಂಸ ಕೊಯ್ದರು, ನಾವು ಪರದೆಯ ಮೇಲೆ ನೋಡಿದೆವು. ನಡುನಡುವೆ ಗೆದ್ದ ಟ್ರೋಫಿಗಳ ಕಥೆ, ಕೊನೆಗೆ ಅವರದೇ ಹೆಸರಿನ ಮಸಾಲೆ ಡಬ್ಬಿಗಳ ಮಾರಾಟ. ಹನ್ನೊಂದು ಪುಟದ ಪಾಕವಿಧಾನ ಹಿಡಿದು ಮನೆಗೆ ಬಂದೆ. ಆ ವರ್ಷದ ಸ್ಪರ್ಧೆಯಲ್ಲಿ ಅದರಲ್ಲಿ ಬರೆದಂತೆಯೇ ಮಾಡಿ ಕೆಳಗಿನಿಂದ ಮೂರನೆಯವನಾದೆ. ಎರಡನೆಯ ತರಗತಿಯಲ್ಲಿ ನಾವು ಹತ್ತೇ ಜನ. ಅಲ್ಲಿ ಗುರುಗಳು ನನ್ನ ಕೈಗೆ ಥರ್ಮಾಮೀಟರಿನ ಕಡ್ಡಿ ಕೊಟ್ಟು, ಒಂದೇ ಬ್ರಿಸ್ಕೆಟ್ಟಿಗೆ, ಅಂದರೆ ದನದ ಎದೆಯ ಮಾಂಸಕ್ಕೆ, ಅರ್ಧ ಗಂಟೆಗೊಮ್ಮೆ ಐದು ಸಲ ಚುಚ್ಚಿಸಿದರು. ಐದನೆಯ ಸಲ ಕಡ್ಡಿ ಬೆಣ್ಣೆಗೆ ಇಳಿದಂತೆ ಇಳಿಯಿತು. ಬೆಲ್ಲದ ಪಾಕ ಎಳೆ ಬಂತೇ ಎಂದು ಬೆರಳುಗಳ ನಡುವೆ ಹಿಡಿದು ನೋಡುತ್ತಿದ್ದ ಅಮ್ಮ ನೆನಪಾದರು. ಉಂಡೆ ಕಟ್ಟುವ ಪಾಕದ ಹದವನ್ನು ಅವರು ಯಾರಿಗೂ ಬರೆದು ಕೊಡಲಿಲ್ಲ, ನಮ್ಮ ಕೈಗೇ ಹಿಡಿಸಿದರು. ಕೆಳಗೆ ಹೇಳುವ ಹೆಜ್ಜೆಗಳನ್ನೆಲ್ಲ ಈ ಒಂದು ಅಳತೆಗೋಲಿನಿಂದಲೇ ಅಳೆದಿದ್ದೇನೆ: ಹದ ನಿಮ್ಮ ಕೈಗೆ ಸಿಗುವ ತರಗತಿಯೋ, ಕಾಗದದಲ್ಲಿ ಮಾತ್ರ ಸಿಗುವ ತರಗತಿಯೋ?

ಊಟಕ್ಕೋ, ಪೆಟ್ಟಿಗೆಗೋ?

ಮೊದಲು ಇದನ್ನು ತೀರ್ಮಾನಿಸಿಕೊಳ್ಳಿ. ಸ್ಪರ್ಧೆಯ ಬಾರ್ಬೆಕ್ಯೂ ಊಟವಲ್ಲ, ತೀರ್ಪುಗಾರರಿಗೆ ಪೆಟ್ಟಿಗೆಯಲ್ಲಿಟ್ಟು ಒಪ್ಪಿಸುವ ಒಂದು ತುತ್ತು. ಕ್ಯಾನ್ಸಸ್ ಸಿಟಿ ಬಾರ್ಬೆಕ್ಯೂ ಸೊಸೈಟಿಯ, ಎಲ್ಲರೂ ಕೆಸಿಬಿಎಸ್ ಎನ್ನುವ ಸಂಸ್ಥೆಯ, ಸ್ಪರ್ಧೆಯಲ್ಲಿ ಒಂದು ಮೇಜಿಗೆ ಆರು ತೀರ್ಪುಗಾರರು. ಕೋಳಿ, ಹಂದಿಯ ಪಕ್ಕೆಲುಬು, ಹಂದಿಯ ಭುಜದ ಮಾಂಸ, ಬ್ರಿಸ್ಕೆಟ್ ಎಂಬ ನಾಲ್ಕು ವಿಭಾಗಗಳು ಅರ್ಧರ್ಧ ಗಂಟೆಯ ಅಂತರದಲ್ಲಿ ಬರುತ್ತವೆ. ಒಬ್ಬೊಬ್ಬ ತೀರ್ಪುಗಾರ ಎರಡು ಗಂಟೆಯೊಳಗೆ ಇಪ್ಪತ್ತಕ್ಕೂ ಹೆಚ್ಚು ತುಂಡುಗಳ ರುಚಿ ನೋಡಬೇಕಾಗುತ್ತದೆ. ನಿಮ್ಮದನ್ನು ಆತ ಕಚ್ಚುವುದು ಒಂದು ಸಲ, ಹೆಚ್ಚೆಂದರೆ ಎರಡು ಸಲ. ಆ ಒಂದೇ ಕಚ್ಚಿಗೆ ಉಪ್ಪು, ಸಿಹಿ, ಖಾರ, ಹೊಗೆ ಎಲ್ಲವೂ ನಾಲಿಗೆಗೆ ತಾಗಬೇಕು. ಹಾಗೆ ಮಾಡಿದ ಪಕ್ಕೆಲುಬನ್ನು ಮನೆಯಲ್ಲಿ ಬಡಿಸಿ ನೋಡಿ, ಎರಡನೆಯ ತುಂಡಿಗೇ ಎಲ್ಲರಿಗೂ ಮುಖ ಕಟ್ಟುತ್ತದೆ.

ನಿಮಗೆ ಬೇಕಾದದ್ದು ಮನೆಗೆ ಬಂದವರಿಗೆ ಒಳ್ಳೆಯ ಊಟವಾದರೆ ಸ್ಪರ್ಧೆಯ ತರಗತಿಗೆ ಹೋಗಬೇಡಿ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಮಾಂಸವಿಜ್ಞಾನದ ಪ್ರಾಧ್ಯಾಪಕರು ನಡೆಸುವ ಕ್ಯಾಂಪ್ ಬ್ರಿಸ್ಕೆಟ್, ಬಾರ್ಬೆಕ್ಯೂ ಸಮ್ಮರ್ ಕ್ಯಾಂಪ್‌ನಂಥವು ನಿಮಗೆ ಹೆಚ್ಚು ಒಗ್ಗುತ್ತವೆ. ಅಲ್ಲಿ ಟ್ರೋಫಿಯ ಮಾತಿಲ್ಲ. ಪ್ರಾಣಿಯ ಯಾವ ಸ್ನಾಯು ಯಾಕೆ ಗಟ್ಟಿ, ಯಾವ ಸೌದೆಯ ಹೊಗೆ ಹೇಗೆ ಎಂಬ ಮಾತಿದೆ.

ಯಾವ ಸಂಸ್ಥೆಯ ಸ್ಪರ್ಧೆ?

ಅಮೆರಿಕದಲ್ಲಿ ಬಾರ್ಬೆಕ್ಯೂಗೆ ಒಂದೇ ನಿಯಮಪುಸ್ತಕ ಇಲ್ಲ. ಒಂದೊಂದು ಸೀಮೆಗೆ ಒಂದೊಂದು ಸಂಪ್ರದಾಯ. ನಮ್ಮಲ್ಲಿ ಯಕ್ಷಗಾನಕ್ಕೆ ತೆಂಕು, ಬಡಗು ಇದ್ದ ಹಾಗೆ. ಬಡಗಿನ ಹೆಜ್ಜೆ ಕಲಿತು ತೆಂಕಿನ ರಂಗಸ್ಥಳಕ್ಕೆ ಹೋದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ.

ಕೆಸಿಬಿಎಸ್‌ನಲ್ಲಿ ಮಾಂಸವನ್ನು ಒಂಬತ್ತು ಇಂಚಿನ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಟ್ಟು ಒಪ್ಪಿಸಬೇಕು. ಅಡಿಯಲ್ಲಿ ಲೆಟಿಸ್, ಪಾರ್ಸ್ಲಿ, ಕೊತ್ತಂಬರಿಯಂಥ ಅನುಮತಿ ಇರುವ ಸೊಪ್ಪು ಹಾಸಬಹುದು, ಹಾಸದೆಯೂ ಇರಬಹುದು. ಹಾಸುವವರು ಅದನ್ನು ಹಸಿರು ಹುಲ್ಲುಹಾಸಿನಂತೆ ಕಟ್ಟುವುದಕ್ಕೇ ಒಂದು ಗಂಟೆ ಕಳೆಯುತ್ತಾರೆ. ಟೆಕ್ಸಸ್‌ನಲ್ಲಿ ಹೆಚ್ಚಾಗಿ ನಡೆಯುವ, ಐಬಿಸಿಎ ಎಂಬ ಇನ್ನೊಂದು ಸಂಸ್ಥೆಯ ಸ್ಪರ್ಧೆಗಳಲ್ಲಿ ಸೊಪ್ಪಿನ ಅಲಂಕಾರಕ್ಕೆ ಜಾಗವೇ ಇಲ್ಲ, ಮಾಂಸ ಮಾತ್ರ. ಟೆನೆಸಿ ರಾಜ್ಯದ ಮೆಂಫಿಸ್ ಕಡೆಯದು ಇನ್ನೊಂದೇ ಲೋಕ. ಅಲ್ಲಿ 1978ರಿಂದ ನಡೆದುಬಂದಿರುವ ಮೆಂಫಿಸ್ ಇನ್ ಮೇ ಸ್ಪರ್ಧೆಯಲ್ಲಿ ಮುಖ್ಯ ವಿಭಾಗಗಳು ಮೂರು: ಇಡೀ ಹಂದಿ, ಭುಜ, ಪಕ್ಕೆಲುಬು. ತೀರ್ಪುಗಾರರು ನಿಮ್ಮ ಡೇರೆಗೇ ಬಂದು ಕೂರುತ್ತಾರೆ, ನೀವು ಬಡಿಸುತ್ತಾ ಮಾತಾಡಬೇಕು. ಅಡುಗೆಯಷ್ಟೇ ಮಾತೂ ಬೇಕು.

ಇಲ್ಲಿಯೇ ನಮ್ಮವರಿಗೆ ಹೇಳಬೇಕಾದ ಮಾತೊಂದಿದೆ. ನಮ್ಮಲ್ಲಿ ಬಹಳ ಜನ ದನದ ಮಾಂಸ ಮುಟ್ಟುವುದಿಲ್ಲ. ಕೆಸಿಬಿಎಸ್‌ನ ಪೂರ್ಣ ಸ್ಪರ್ಧೆಯಲ್ಲಿ ಬ್ರಿಸ್ಕೆಟ್ ಬಿಟ್ಟರೆ ಒಟ್ಟು ಪಟ್ಟಿಯಲ್ಲಿ ಮೇಲೇಳುವುದು ಅಸಾಧ್ಯ. ರುಚಿ ನೋಡದೆ ಬೇಯಿಸಬಹುದಲ್ಲ ಎನ್ನುವವರಿದ್ದಾರೆ. ತಾನು ನಾಲಿಗೆಗೆ ಇಡದ ಪದಾರ್ಥಕ್ಕೆ ಉಪ್ಪು ಸರಿಮಾಡುವ ಅಡುಗೆಯವರನ್ನು ನಾನಂತೂ ಕಂಡಿಲ್ಲ. ಅಂಥವರಿಗೆ ಮೆಂಫಿಸ್ ಸಂಪ್ರದಾಯ, ಇಲ್ಲವೇ ಕೋಳಿ ಮತ್ತು ಪಕ್ಕೆಲುಬು ಮಾತ್ರ ಇರುವ ಚಿಕ್ಕ "ಬ್ಯಾಕ್‌ಯಾರ್ಡ್" ವಿಭಾಗ ಅನುಕೂಲ. ಕೊಡಗಿನ ಗೆಳೆಯನೊಬ್ಬ ಈ ವಿಷಯದಲ್ಲಿ ನನಗಿಂತ ಬುದ್ಧಿವಂತ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿದ ಹಂದಿ ಮಾಂಸ ತಿಂದು ಬೆಳೆದವನು. ಮೆಂಫಿಸ್‌ನದು ಬಿಟ್ಟು ಬೇರೆ ತರಗತಿಯನ್ನು ಅವನು ಯೋಚಿಸಲೂ ಇಲ್ಲ.

ಯಾವ ಸಂಸ್ಥೆ ಎಂದು ಗೊತ್ತಾದ ಮೇಲೆ ಅದರ ನಿಯಮಗಳನ್ನು ಒಮ್ಮೆ ಪೂರ್ತಿ ಓದಿ. ಕೆಲವೇ ಪುಟಗಳು. ಓದದೆ ಬಂದವರು ತರಗತಿಯಲ್ಲಿ ಅರ್ಧ ದಿನವನ್ನು ಅದಕ್ಕೇ ಕಳೆಯುತ್ತಾರೆ, ಜೊತೆಗೆ ಓದಿ ಬಂದವರ ಅರ್ಧ ದಿನವನ್ನೂ ಕಳೆಯುತ್ತಾರೆ.

ಅಡುಗೆಯ ತರಗತಿಗೆ ಮುನ್ನ ತೀರ್ಪುಗಾರರ ತರಗತಿ

ಈ ಹೆಜ್ಜೆಯನ್ನು ಹೆಚ್ಚಿನವರು ಹಾರಿಬಿಡುತ್ತಾರೆ, ನಾನೂ ಹಾರಿಬಿಟ್ಟಿದ್ದೆ. ಕೆಸಿಬಿಎಸ್ ತೀರ್ಪುಗಾರರಾಗಲು ತರಬೇತಿ ಕೊಡುತ್ತದೆ. ಅರ್ಧ ದಿನದ ಪಾಠ, ಅಡುಗೆ ತರಗತಿಯ ಶುಲ್ಕದ ಒಂದು ಚೂರು ಖರ್ಚು. ಅಲ್ಲಿ ತಿನ್ನಿಸಿ ಕಲಿಸುತ್ತಾರೆ.

ಅಂಕ 2ರಿಂದ 9. ನೋಟ, ರುಚಿ, ಮೃದುತ್ವ ಎಂಬ ಮೂರಕ್ಕೂ ಬೇರೆ ಬೇರೆ ಅಂಕ. ಆದರೆ ಮೂರಕ್ಕೂ ತೂಕ ಒಂದೇ ಅಲ್ಲ. ನೋಟವನ್ನು 0.56ರಿಂದ, ರುಚಿಯನ್ನು 2.2972ರಿಂದ, ಮೃದುತ್ವವನ್ನು 1.1428ರಿಂದ ಗುಣಿಸುತ್ತಾರೆ. ಆರು ಜನರಲ್ಲಿ ಅತಿ ಕಡಿಮೆ ಕೊಟ್ಟವರ ಅಂಕ ಲೆಕ್ಕಕ್ಕಿಲ್ಲ. ಐವರೂ ಎಲ್ಲಕ್ಕೂ ಒಂಬತ್ತು ಕೊಟ್ಟರೆ ಒಂದು ವಿಭಾಗಕ್ಕೆ 180. ಗುಣಾಕಾರ ಮಾಡಿ ನೋಡಿ: ರುಚಿಯೇ ನೂರಕ್ಕೆ ಐವತ್ತೇಳು ಪಾಲು, ನೋಟ ಹದಿನಾಲ್ಕೇ ಪಾಲು. ಎರಡು ದಿನದ ತರಗತಿಯಲ್ಲಿ ಅರ್ಧ ದಿನ ಸೊಪ್ಪು ಜೋಡಿಸುವುದನ್ನು ಹೇಳಿಕೊಡುವ ಗುರುವಿನ ಲೆಕ್ಕ ಎಲ್ಲಿ ತಪ್ಪಿದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಇನ್ನೊಂದು ಲಾಭವಿದೆ. ನಮ್ಮ ಕಡೆ ಮಾಂಸ ಮೂಳೆಯಿಂದ ಕಳಚಿ ಬಿದ್ದರೆ ಚೆನ್ನಾಗಿ ಬೆಂದಿದೆ ಎಂದು ಲೆಕ್ಕ. ಇಲ್ಲಿ ಪಕ್ಕೆಲುಬಿನ ಮಾಂಸ ಹಾಗೆ ಕಳಚಿದರೆ ಹದ ಮೀರಿತು ಎಂದು ಅಂಕ ಕಳೆಯುತ್ತಾರೆ. ಕಚ್ಚಿದ ಜಾಗದ ಮಾಂಸ ಮಾತ್ರ ಬರಬೇಕು, ಸುತ್ತಲಿನದು ಮೂಳೆಯಲ್ಲೇ ಉಳಿಯಬೇಕು. ಬ್ರಿಸ್ಕೆಟ್ ಕೊಯ್ದಾಗ ಅಂಚಿನಲ್ಲಿ ಕಾಣುವ ಗುಲಾಬಿ ಬಣ್ಣದ ಗೆರೆಗೆ ಮನೆಗೆ ಬಂದವರೆಲ್ಲ ಬೆರಗಾಗುತ್ತಾರೆ. ತೀರ್ಪುಗಾರರಿಗೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದೇ ಪಾಠ ಹೇಳಿರುತ್ತಾರೆ. ಇಷ್ಟು ತಿಳಿದುಕೊಂಡು ಅಡುಗೆ ತರಗತಿಗೆ ಹೋದರೆ ಗುರು ಹೇಳಿದ್ದರಲ್ಲಿ ಯಾವುದು ಕಾಳು, ಯಾವುದು ಜೊಳ್ಳು ಎಂದು ಕೇರಿಕೊಳ್ಳಬಹುದು.

ನಿಮ್ಮ ಒಲೆ, ಗುರುವಿನ ಒಲೆ

ಕೆಸಿಬಿಎಸ್‌ನಲ್ಲಿ ಮಾಂಸ ಬೇಯಬೇಕಾದದ್ದು ಸೌದೆ, ಮರದ ಪುಡಿ ಒತ್ತಿ ಮಾಡಿದ ಗುಳಿಗೆಯಾದ ಪೆಲೆಟ್ ಅಥವಾ ಇದ್ದಿಲಿನ ಬೆಂಕಿಯಲ್ಲಿ. ಅದರೊಳಗೇ ಎಷ್ಟೋ ಬಗೆಯ ಒಲೆಗಳಿವೆ. ಪಕ್ಕದ ಗೂಡಿನಲ್ಲಿ ಸೌದೆ ಉರಿಸುವ ಉದ್ದನೆಯ ಆಫ್‌ಸೆಟ್, ಕೆಳಗೆ ಕೆಂಡ ನಡುವೆ ನೀರಿನ ಬೋಗುಣಿ ಇರುವ ವೆಬರ್ ಸ್ಮೋಕಿ ಮೌಂಟನ್, ಎಣ್ಣೆ ಪೀಪಾಯಿಯಂಥ ಡ್ರಮ್, ಗುಂಡಿ ಒತ್ತಿದರೆ ತಾನೇ ಕಾವು ನೋಡಿಕೊಳ್ಳುವ ಪೆಲೆಟ್ ಗ್ರಿಲ್. ಒಂದರಲ್ಲಿ ಕಲಿತ ಗಂಟೆಯ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ.

225ರಿಂದ 250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 107ರಿಂದ 121 ಸೆಲ್ಸಿಯಸ್ ಕಾವಿನಲ್ಲಿ ಇಡೀ ರಾತ್ರಿ ಬೇಯಿಸುವವರು ಒಂದು ಪಂಗಡ. 300 ಡಿಗ್ರಿಯ ಆಸುಪಾಸಿನಲ್ಲಿ ಬೇಗ ಮುಗಿಸುವವರು ಇನ್ನೊಂದು ಪಂಗಡ. ಜಾರ್ಜಿಯಾದ ಮೈರನ್ ಮಿಕ್ಸನ್ ಈ ಎರಡನೆಯ ಪಂಗಡದಲ್ಲಿ ಹೆಸರಾದವರು, ಪಾಠವನ್ನೂ ಹೇಳುತ್ತಾರೆ. ಮಲೇಷ್ಯಾದಿಂದ ಬಂದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಹ್ಯಾರಿ ಸೂ ಅವರು ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳಬಹುದಾದ ವೆಬರ್ ಸ್ಮೋಕರ್‌ನಲ್ಲೇ ಬೇಯಿಸಿ ದೊಡ್ಡ ದೊಡ್ಡ ತಂಡಗಳನ್ನು ಸೋಲಿಸಿದವರು, ಅವರೂ ಕಲಿಸುತ್ತಾರೆ. ಇಬ್ಬರಲ್ಲಿ ಯಾರು ಮೇಲು ಎಂಬ ಜಗಳ ಬೇಡ. ನಿಮ್ಮ ಹಿತ್ತಲಲ್ಲಿ ಇರುವುದು ಯಾವ ಒಲೆ ಎಂಬುದಷ್ಟೇ ಪ್ರಶ್ನೆ. ತರಗತಿ ಮುಗಿಸಿ ಬಂದು, ಗುರುವಿನ ಬಳಿ ಇದ್ದಂಥದ್ದೇ ಬೇಕೆಂದು ಸಾವಿರಾರು ಡಾಲರ್ ಕೊಟ್ಟು ಹೊಸ ಒಲೆ ತಂದವರನ್ನು ಕಂಡಿದ್ದೇನೆ. ಅದು ತರಗತಿಯ ನಿಜವಾದ ಶುಲ್ಕ.

ಗುರುವನ್ನು ತೂಗುವುದು

ಟಿವಿಯಲ್ಲಿ ಬಂದವರು ಎಂಬುದು ಅರ್ಹತೆಯಲ್ಲ. ಹತ್ತು ವರ್ಷದ ಹಿಂದೆ ಗೆದ್ದವರು ಎಂಬುದೂ ಅಲ್ಲ, ಏಕೆಂದರೆ ತೀರ್ಪುಗಾರರ ನಾಲಿಗೆಯ ರೂಢಿ ಬದಲಾಗುತ್ತಿರುತ್ತದೆ. ಕಳೆದೆರಡು ವರ್ಷಗಳಲ್ಲಿ, ನೀವು ಸ್ಪರ್ಧಿಸಲಿರುವ ಸೀಮೆಯಲ್ಲಿ, ನಾಲ್ಕೂ ವಿಭಾಗಗಳಲ್ಲಿ ಅವರ ಸ್ಥಾನ ಏನು ಎಂದು ಫಲಿತಾಂಶಗಳಲ್ಲಿ ಹುಡುಕಿ. ಒಂದು ವಿಭಾಗದಲ್ಲಿ ಮಾತ್ರ ಸದಾ ಮೇಲಿರುವವರಿಂದ ಆ ವಿಭಾಗವನ್ನಷ್ಟೇ ಕಲಿಯಬಹುದು. ನಿಮ್ಮ ಕೋಳಿ ಮಾತ್ರ ಕೈಕೊಡುತ್ತಿದ್ದರೆ ಅದೂ ಸಾಕು.

ಆದರೆ ಗೆಲ್ಲುವವರೆಲ್ಲ ಕಲಿಸಬಲ್ಲವರಲ್ಲ. ನಮ್ಮೂರಿನ ಮದುವೆ ಅಡುಗೆಯ ಭಟ್ಟರನ್ನು ಕೇಳಿ ನೋಡಿ: ಸಾರಿಗೆ ಹುಳಿ ಎಷ್ಟು ಎಂದರೆ "ಬೇಕಾದಷ್ಟು" ಎನ್ನುತ್ತಾರೆ. ಅವರ ಸಾರು ಅಮೃತ, ಅವರ ಪಾಠ ಸೊನ್ನೆ. ಹಾಗಾಗಿ ಗುರುವಿಗಿಂತ ಮೊದಲು ಶಿಷ್ಯರನ್ನು ಹುಡುಕಿ. ಯಾವುದಾದರೂ ಸ್ಪರ್ಧೆಗೆ ನೋಡುಗರಾಗಿ ಹೋಗಿ. ಕ್ಯಾನ್ಸಸ್ ಸಿಟಿಯಲ್ಲಿ 1980ರಿಂದ ನಡೆಯುತ್ತಿರುವ ಅಮೆರಿಕನ್ ರಾಯಲ್‌ನಷ್ಟು ದೊಡ್ಡದೇ ಆಗಬೇಕಿಲ್ಲ, ಹತ್ತಿರದ ಊರಿನ ಸಣ್ಣದಾದರೂ ಸರಿ. ಶುಕ್ರವಾರ ಸಂಜೆ, ಮಾಂಸದ ತಪಾಸಣೆ ಮುಗಿದು ಬೆಂಕಿ ಹಚ್ಚುವ ಮುನ್ನ, ತಂಡದವರು ಕುರ್ಚಿ ಹಾಕಿಕೊಂಡು ಹರಟುತ್ತಾ ಕೂತಿರುತ್ತಾರೆ. ಆಗ ಮಾತಾಡಿಸಿ. ಶನಿವಾರ ಹನ್ನೊಂದು ಗಂಟೆಗೆ ಹೋಗಿ ಮಾತಾಡಿಸಿದರೆ ಬೈಸಿಕೊಳ್ಳುತ್ತೀರಿ.

ಅವರನ್ನು "ತರಗತಿ ಚೆನ್ನಾಗಿತ್ತೇ?" ಎಂದು ಕೇಳಬೇಡಿ. ಹಣ ಕೊಟ್ಟವರು ಚೆನ್ನಾಗಿತ್ತು ಎಂದೇ ಹೇಳುತ್ತಾರೆ. "ತರಗತಿಗೆ ಮೊದಲು ಬ್ರಿಸ್ಕೆಟ್ ಅಂಕ ಎಷ್ಟಿತ್ತು, ಆಮೇಲೆ ಎಷ್ಟಾಯಿತು?" ಎಂದು ಕೇಳಿ.

ಹಣ ಕಟ್ಟುವ ಮುನ್ನ ಬರೆದು ಕೇಳಬೇಕಾದವು

ಎಷ್ಟು ಜನ ವಿದ್ಯಾರ್ಥಿಗಳು, ಎಷ್ಟು ಒಲೆಗಳು? ಹನ್ನೆರಡರ ಮೇಲೆ ಹೋದರೆ ಸಹಾಯಕರು ಇದ್ದಾರೆಯೇ?

ಮಾಂಸವನ್ನು ನಾನೇ ಕೊಯ್ದು ಸವರಬೇಕೇ, ನೋಡುವುದಷ್ಟೆಯೇ? ಇದು ಬಹಳ ಮುಖ್ಯ. ಸ್ಪರ್ಧೆಯ ಕೋಳಿತೊಡೆಯನ್ನೇ ತೆಗೆದುಕೊಳ್ಳಿ. ಚರ್ಮ ಬಿಡಿಸಿ, ಒಳಗಿನ ಕೊಬ್ಬನ್ನು ಚಾಕುವಿನಿಂದ ಕೆರೆದು ತೆಳ್ಳಗೆ ಮಾಡಿ, ಮತ್ತೆ ಹೊದಿಸಬೇಕು. ಹಾಗೆ ಮಾಡದಿದ್ದರೆ ತೀರ್ಪುಗಾರ ಕಚ್ಚಿದಾಗ ಇಡೀ ಚರ್ಮ ರಬ್ಬರಿನಂತೆ ಎದ್ದು ಬರುತ್ತದೆ. ಅದನ್ನು ಇನ್ನೊಬ್ಬರು ಮಾಡುವುದನ್ನು ನೋಡಿ ಕಲಿಯಲಾಗದು. ನಾನು ಮೊದಲ ಆರು ತೊಡೆಗಳ ಚರ್ಮವನ್ನೂ ಹರಿದೆ.

ಬೆಂಕಿ ಹಚ್ಚುವುದರಿಂದ ಪೆಟ್ಟಿಗೆ ಒಪ್ಪಿಸುವವರೆಗೆ ಒಂದು ಪೂರ್ಣ ಸುತ್ತು, ಗಡಿಯಾರ ನೋಡಿಕೊಂಡು, ತರಗತಿಯಲ್ಲೇ ನಡೆಯುತ್ತದೆಯೇ? ಕೆಸಿಬಿಎಸ್‌ನಲ್ಲಿ ಸಾಮಾನ್ಯವಾಗಿ ಹನ್ನೆರಡಕ್ಕೆ ಕೋಳಿ, ಹನ್ನೆರಡೂವರೆಗೆ ಪಕ್ಕೆಲುಬು, ಒಂದಕ್ಕೆ ಭುಜ, ಒಂದೂವರೆಗೆ ಬ್ರಿಸ್ಕೆಟ್. ಹೇಳಿದ ಹೊತ್ತಿಗೆ ಐದು ನಿಮಿಷ ಹಿಂದೆ, ಐದು ನಿಮಿಷ ಮುಂದೆ, ಅಷ್ಟೇ ಸಮಯ. ನಾಲ್ಕು ಬಗೆಯ ಮಾಂಸ ನಾಲ್ಕು ಬಗೆಯ ವೇಗದಲ್ಲಿ ಬೇಯುತ್ತಾ, ನಾಲ್ಕು ಹೊತ್ತಿಗೆ ಸರಿಯಾಗಿ ಹದಕ್ಕೆ ಬರಬೇಕು. ಸ್ಪರ್ಧೆಯಲ್ಲಿ ಹೊಸಬರು ಸೋಲುವುದು ಮಸಾಲೆಯಿಂದಲ್ಲ, ಈ ಗಡಿಯಾರದಿಂದ.

ಏನಾದರೂ ಕೆಟ್ಟರೆ ಏನು ಮಾಡಬೇಕೆಂದು ಹೇಳಿಕೊಡುತ್ತೀರಾ? ಬ್ರಿಸ್ಕೆಟ್ಟಿನ ಒಳಗಿನ ಕಾವು 150–170 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಎಲ್ಲೋ ಗಂಟೆಗಟ್ಟಲೆ ನಿಂತೇ ಬಿಡುತ್ತದೆ. ಮೇಲ್ಮೈಯ ತೇವ ಆರುತ್ತಾ ಮಾಂಸವನ್ನು ತಂಪಾಗಿಸುತ್ತಿರುತ್ತದೆ. ಮಡಕೆಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಫಾಯಿಲ್ ಸುತ್ತಿದರೆ ಮುಂದೆ ಸರಿಯುತ್ತದೆ. ಯಾವ ಬಣ್ಣ ಬಂದಾಗ ಸುತ್ತಬೇಕು, ಬೇಗ ಬೆಂದುಬಿಟ್ಟರೆ ಕಾವು ಹಿಡಿದಿಡುವ ಡಬ್ಬದೊಳಗೆ ಎಷ್ಟು ಹೊತ್ತು ಇಟ್ಟುಕೊಳ್ಳಬಹುದು, ಮಳೆ ಬಂದು ಸೌದೆ ನೆನೆದರೆ ಏನು ಗತಿ ಎಂಬುದಕ್ಕೆಲ್ಲ ಉತ್ತರ ಇರುವ ಗುರುವನ್ನು ಹಿಡಿಯಿರಿ. ಬೆಂದ ಮಾಂಸದ ಕಾವು 140 ಡಿಗ್ರಿಗಿಂತ, ಅಂದರೆ 60 ಸೆಲ್ಸಿಯಸ್‌ಗಿಂತ, ಕೆಳಗಿಳಿಯಬಾರದೆಂಬ ನಿಯಮವನ್ನು ಹೇಳದೆ ಡಬ್ಬದಲ್ಲಿಡುವ ಪಾಠ ಮಾಡುವವರಿಂದ ದೂರ ಇರಿ.

ನಿಮ್ಮ ಪಾಕವಿಧಾನಕ್ಕೆ ನಿಮ್ಮದೇ ಕಂಪನಿಯ ಮಸಾಲೆ, ಸಾಸ್ ಬೇಕೇ? ಬೇಕು ಎಂದರೆ ಮುಂದೆ ಪ್ರತಿ ಸ್ಪರ್ಧೆಗೂ ಅದರ ಖರ್ಚು ಇದೆ ಎಂದು ಬರೆದುಕೊಳ್ಳಿ. ಕಲಿತದ್ದನ್ನು ಯಾರಿಗೂ ಹೇಳುವುದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವವರೂ ಇದ್ದಾರೆ. ಅದರಲ್ಲಿ ತಪ್ಪಿಲ್ಲ, ಆದರೆ ಮೊದಲೇ ಗೊತ್ತಿರಲಿ; ತಂಡದ ಇನ್ನೊಬ್ಬನಿಗೆ ಹೇಳಿಕೊಡಬಹುದೇ ಎಂದೂ ಕೇಳಿಟ್ಟುಕೊಳ್ಳಿ. ತರಗತಿ ರದ್ದಾದರೆ ಹಣ ವಾಪಸ್ ಬರುತ್ತದೆಯೇ ಎಂಬುದನ್ನು ಎಲ್ಲರೂ ಕೇಳುತ್ತಾರೆ, ನೀವೂ ಕೇಳಿ.

ಉತ್ತರ ಎಷ್ಟು ದಿನಕ್ಕೆ, ಯಾವ ಧಾಟಿಯಲ್ಲಿ ಬಂತು ಎಂಬುದೂ ಒಂದು ಉತ್ತರವೇ.

ಖರ್ಚು, ಕಾಲ

ಶುಲ್ಕ ನೂರಾರು ಡಾಲರ್. ಹೆಸರಾದವರದು ಇನ್ನೂ ಹೆಚ್ಚು. ಅದಕ್ಕೆ ಪ್ರಯಾಣ, ಎರಡು ರಾತ್ರಿಯ ಹೋಟೆಲ್ ಸೇರಿಸಿ. ಇದೆಲ್ಲ ಯಾರಿಗಾದರೂ ಹೊಳೆಯುತ್ತದೆ. ಹೊಳೆಯದೆ ಉಳಿಯುವುದು ಅಭ್ಯಾಸದ ಮಾಂಸದ ಖರ್ಚು. ಶುಲ್ಕ ಎಷ್ಟೋ ಅಷ್ಟೇ ಹಣವನ್ನು ಮುಂದಿನ ಆರು ವಾರಗಳ ಅಭ್ಯಾಸಕ್ಕೆ ಎತ್ತಿಡಲು ಆಗುವುದಿಲ್ಲವಾದರೆ ಈ ವರ್ಷ ತರಗತಿಯೇ ಬೇಡ ಎಂಬುದು ನನ್ನ ಲೆಕ್ಕ. ಅದೇ ಹಣದಲ್ಲಿ ಹತ್ತು ಬಾರಿ ಪಕ್ಕೆಲುಬು ಬೇಯಿಸಿ, ತೀರ್ಪುಗಾರರ ಹಾಳೆ ಹಿಡಿದು ನೀವೇ ಅಂಕ ಹಾಕಿಕೊಳ್ಳಿ.

ತರಗತಿಗಳು ಹೆಚ್ಚಾಗಿ ನಡೆಯುವುದು ಚಳಿಗಾಲದ ಕೊನೆ ಮತ್ತು ವಸಂತದ ಆರಂಭದಲ್ಲಿ, ಸ್ಪರ್ಧೆಗಳು ಬಿರುಸಾಗುವ ಮುನ್ನ. ನಿಮ್ಮ ಮೊದಲ ಸ್ಪರ್ಧೆಗೆ ಎಂಟು ವಾರ ಮುಂಚಿನದನ್ನು ಆರಿಸಿ. ಅದಕ್ಕಿಂತ ಮುಂಚೆಯಾದರೆ ಕೈ ಮರೆಯುತ್ತದೆ. ಹತ್ತಿರವಾದರೆ ಅಭ್ಯಾಸಕ್ಕೆ ವಾರಾಂತ್ಯಗಳು ಸಾಲುವುದಿಲ್ಲ. ಹೆಂಡತಿಯ ಜೊತೆಯೋ ಗಂಡನ ಜೊತೆಯೋ ಗೆಳೆಯರ ಜೊತೆಯೋ ಸ್ಪರ್ಧಿಸುವವರಾದರೆ ಇಬ್ಬರೂ ಒಟ್ಟಿಗೆ ಹೋಗಿ. ಒಂದೇ ತಂಡದ ಎರಡನೆಯವರಿಗೆ ಶುಲ್ಕ ಕಡಿಮೆ ಮಾಡುವವರಿದ್ದಾರೆ, ಕೇಳಿದರೆ ನಷ್ಟವಿಲ್ಲ.

ತರಗತಿಯಲ್ಲಿ, ತರಗತಿಯ ನಂತರ

ನಿಮ್ಮದೇ ಥರ್ಮಾಮೀಟರ್ ಒಯ್ಯಿರಿ. ನಾಳೆ ನಿಮ್ಮ ಹಿತ್ತಲಲ್ಲಿ ಗುರುವಿನ ಥರ್ಮಾಮೀಟರ್ ಇರುವುದಿಲ್ಲ. ವಿಡಿಯೋ ಮಾಡುತ್ತಾ ನಿಲ್ಲಬೇಡಿ; ಹಾಗೆ ನಿಂತವರು ತಿರುಗಿ ನೋಡಿದ ದಾಖಲೆಯಿಲ್ಲ. ಎರಡು ಕಾಲಮಿನ ಒಂದು ಪುಸ್ತಕ ಸಾಕು. ಎಡಕ್ಕೆ ಗಂಟೆ, ಬಲಕ್ಕೆ ಗುರು ಆಗ ಏನು ನೋಡಿದರು, ಏನು ಮುಟ್ಟಿದರು, ಏನು ಮೂಸಿದರು. ಮಸಾಲೆಯ ಅಳತೆಯನ್ನು ಅವರೇ ಅಚ್ಚು ಹಾಕಿಸಿ ಕೊಡುತ್ತಾರೆ. ಅಚ್ಚಾಗದೆ ಉಳಿಯುವುದು ಈ ಬಲಗಡೆಯ ಕಾಲಮ್.

ನಾಚಿಕೆ ಬಿಟ್ಟು ಮುಂದೆ ಹೋಗಿ ನಿಲ್ಲಿ. ನಮ್ಮವರಿಗೆ ಗುರುಗಳ ಎದುರು ಕೈಕಟ್ಟಿ ಹಿಂದೆ ನಿಲ್ಲುವ ಅಭ್ಯಾಸ. ಇಲ್ಲಿ ಮುಂದಿನ ಸಾಲಿನವರ ಕೈಗೆ ಮಾತ್ರ ಚಾಕು ಬರುತ್ತದೆ. ಹದ ಮೀರಿದ ಒಂದು ತುಂಡನ್ನೂ ಹದ ಬಾರದ ಒಂದು ತುಂಡನ್ನೂ ಕೇಳಿ ತಿನ್ನಿ. ಸರಿಯಾದುದನ್ನು ಮಾತ್ರ ತಿಂದರೆ ನಾಲಿಗೆಗೆ ಗಡಿ ಗೊತ್ತಾಗುವುದಿಲ್ಲ.

ಮನೆಗೆ ಬಂದ ಎರಡು ವಾರದೊಳಗೆ, ಏನನ್ನೂ ಬದಲಿಸದೆ, ಹೇಳಿಕೊಟ್ಟಂತೆಯೇ ಒಮ್ಮೆ ಪೂರ್ತಿ ಬೇಯಿಸಿ. ಸ್ವಲ್ಪ ಧನಿಯಾ ಸೇರಿಸಿದರೆ ಹೇಗೆ, ಬ್ಯಾಡಗಿ ಮೆಣಸಿನ ಬಣ್ಣ ಹೇಗೆ ಬರಬಹುದು ಎಂಬ ಆಸೆಗಳೆಲ್ಲ ಆಮೇಲೆ, ಅದೂ ಒಂದು ಸಲಕ್ಕೆ ಒಂದೇ. (ಬ್ಯಾಡಗಿಯ ಬಣ್ಣ ಬಹಳ ಚೆನ್ನಾಗಿ ಬರುತ್ತದೆ. ಆದರೆ ಆತುರ ಬೇಡ.) ಮೊದಲ ಸ್ಪರ್ಧೆ ಬ್ಯಾಕ್‌ಯಾರ್ಡ್ ವಿಭಾಗದ್ದಾಗಿರಲಿ, ವಿಭಾಗ ಕಡಿಮೆ, ಪ್ರವೇಶ ಶುಲ್ಕವೂ ಕಡಿಮೆ.

ಸ್ಪರ್ಧೆ ಮುಗಿದ ಮೇಲೆ ನಿಮ್ಮ ಅಂಕಗಳ ಹಾಳೆ ಕೈಗೆ ಬರುತ್ತದೆ. ಅದರ ಚಿತ್ರ ತೆಗೆದು ಗುರುವಿಗೆ ಕಳುಹಿಸಿ. ತರಗತಿಯ ನಂತರವೂ ನೆರವಿಗಿದ್ದೇನೆ ಎಂದು ಅವರು ಹೇಳಿದ್ದು ನಿಜವೇ ಎಂದು ಗೊತ್ತಾಗುವುದು ಆಗ. ನನ್ನ ಮೊದಲ ಗುರುಗಳಿಂದ ಬಂದದ್ದು ಹೊಸ ಮಸಾಲೆಯ ಜಾಹೀರಾತು. ಎರಡನೆಯವರು ಅಂದೇ ರಾತ್ರಿ ಎರಡು ಸಾಲು ಬರೆದಿದ್ದರು: "ಬ್ರಿಸ್ಕೆಟ್ ಮೃದುತ್ವಕ್ಕೆ ಆರು ಜನರಲ್ಲಿ ನಾಲ್ವರು ಏಳು ಕೊಟ್ಟಿದ್ದಾರೆ. ಕಡ್ಡಿ ಇಳಿಯುವ ಮೊದಲೇ ತೆಗೆದಿರಲ್ಲವೇ?"

ಹೌದು, ತೆಗೆದಿದ್ದೆ. ಒಂದೂವರೆ ಆಗುತ್ತಾ ಬಂದಿತ್ತು.